ಸೂಜಿ ಗಂಟು

ಪಾಪಣ್ಣನ ಮನೆಯಲ್ಲಿ ಬೆಳಗಿನ ಟೀಗಿಂತ ಮೊದಲು ಕುದಿಯುತ್ತಿದ್ದುದು ಅವನ ತಾಯಿ ಸಿದ್ದಕ್ಕನ ಉಚ್ಚೆ. ನಗಬೇಡಿ. ಐಮಂಗಲದ ಆ ಬೀದಿಯವರೂ ಮೊದಲು ನಕ್ಕವರೇ. ಎರಡು ತಿಂಗಳಾಗುವ ಹೊತ್ತಿಗೆ ಅದೇ ಜನ ಚೆಂಬು ಹಿಡಿದು ಬಯಲಿಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಇವತ್ತು ಯಾವ ಬಣ್ಣ ಬಂತು?" ಎಂದು ವಿಚಾರಿಸಿ ಹೋಗುವಂತಾಗಿತ್ತು.

ಬಣ್ಣ ನೋಡುವ ಕೆಲಸ ಪಾಪಣ್ಣನ ಮಗಳು ಪುಟ್ಟಕ್ಕನದು. ಒಂಬತ್ತನೇ ಕ್ಲಾಸಿನ ಹುಡುಗಿ. ಗಾಜಿನ ಕೊಳವೆಯಲ್ಲಿ ಒಂದು ಚಮಚ ನೀಲಿ ಔಷಧಿ, ಅದಕ್ಕೆ ಅಜ್ಜಿಯ ಉಚ್ಚೆ ಎಂಟು ಹನಿ, ಸ್ಪಿರಿಟ್ ದೀಪದ ಮೇಲೆ ಹಿಡಿದು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದರ್ಥ. ಹಸಿರಾದರೆ ಪರವಾಗಿಲ್ಲ. ಹಳದಿಯಾದರೆ ಎಚ್ಚರಿಕೆ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಕೆಟ್ಟಿತು. ಪುಟ್ಟಕ್ಕ ಆಯಾ ದಿನದ ಬಣ್ಣವನ್ನು ಬಣ್ಣದ ಸೀಮೆಸುಣ್ಣದಲ್ಲಿ ಅಡುಗೆಮನೆಯ ಗೋಡೆಗೆ ಒಂದು ಪಟ್ಟೆ ಎಳೆದು ಗುರುತಿಡುತ್ತಿದ್ದಳು. ಸಂಕ್ರಾಂತಿಯಿಂದ ಈಚೆಗೆ ಗೋಡೆಯ ತುಂಬ ಇಟ್ಟಿಗೆ ಪಟ್ಟೆಗಳೇ.

"ಅಜ್ಜಿ, ಇವತ್ತೂ ಇಟ್ಟಿಗೆ," ಅಂದಳು ಪುಟ್ಟಕ್ಕ.

"ಸರಿಯಾಗಿ ನೋಡೇ. ಒಲೆ ಬೆಳಕಿಗೆ ಹಂಗೆ ಕಾಣ್ತೈತೇನೋ."

"ಬಾಗ್ಲಾಗೆ ಹಿಡ್ದು ನೋಡ್ದೆ. ಇಟ್ಟಿಗೇನೆ."

ರೊಟ್ಟಿ ತಟ್ಟುತ್ತಿದ್ದ ಸೊಸೆ ಕೊಟ್ರಮ್ಮ ತಿರುಗಿ ನೋಡದೆಯೇ ಹೇಳಿದಳು: "ಬೆಲ್ಲದ ಅಚ್ಚು ನಿನ್ನೆ ಇದ್ದಂಗೆ ಇವತ್ತಿಲ್ಲ. ಉಗುರಲ್ಲಿ ಗುರುತು ಮಾಡಿಟ್ಟಿದ್ದೆ, ಗುರುತೇ ಮಾಯ. ಅಷ್ಟು ಬೆಲ್ಲ ಹೊಟ್ಟೆಗೆ ಹೋದ್ರೆ ಬಣ್ಣ ಇಟ್ಟಿಗೆ ಆಗ್ದೆ ಮಲ್ಲಿಗೆ ಆಗ್ತೈತಾ?"

"ಯಾರು ತಿಂದ್ರು ಅಂತೀಯ?"

"ನಾನೇನು ಹೆಸ್ರು ಹೇಳಿದ್ನಾ ಅತ್ತೆ? ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕಂತೀರಿ?"

ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಪಾಪಣ್ಣ ಲೋಟ ಕೆಳಗಿಟ್ಟ. "ಬೆಳ್‌ಬೆಳಗ್ಗೆ ಶುರು ಮಾಡಬ್ಯಾಡ್ರಿ," ಎಂದು ಹೇಳಿ ಕುರಿ ಕೂಡುವ ರೊಪ್ಪದ ಕಡೆ ಎದ್ದು ಹೋದ. ಲೋಟದಲ್ಲಿ ಅರ್ಧ ಟೀ ಹಾಗೇ ಇತ್ತು.

ಸಿದ್ದಕ್ಕನಿಗೆ ಐವತ್ತೆಂಟರ ಹತ್ತಿರ ವಯಸ್ಸು. ಹೋದ ದೀಪಾವಳಿ ಹೊತ್ತಿಗೆ, ಅಂದರೆ ಎಪ್ಪತ್ಮೂರನೇ ಇಸವಿಯಲ್ಲಿ, ಅವಳು ಒಂದು ಕೊಡ ನೀರು ಕುಡಿದರೂ ಬಾಯಾರಿಕೆ ತೀರದೆ, ಕೈಬಳೆ ಸಡಿಲವಾಗುವಷ್ಟು ಇಳಿದುಹೋಗಿದ್ದಳು. ಹಿರಿಯೂರಿನ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮಾತ್ರೆಗೆ ಜಗ್ಗದ ಕಾಯಿಲೆ, ದಿನಾ ಇನ್ಸುಲಿನ್ ಸೂಜಿ ಆಗಬೇಕು ಎಂದರು. ದಿನಾ ಹಿರಿಯೂರಿಗೆ ಬಸ್ಸು ಹತ್ತುವುದು ಯಾರು? ಹಾಗಾಗಿ ಅವರ ಕಾಂಪೌಂಡರ್ ಮುನಿಯಪ್ಪ ಸಿದ್ದಕ್ಕನನ್ನೇ ಕೂರಿಸಿಕೊಂಡು ಕಲಿಸಿಕೊಟ್ಟ. ಗಾಜಿನ ಸಿರಿಂಜನ್ನು ಹೇಗೆ ಕುದಿಸಬೇಕು, ಸೀಸೆಯಿಂದ ಮದ್ದನ್ನು ಇಪ್ಪತ್ತನೇ ಗೆರೆಯವರೆಗೆ ಹೇಗೆ ಎಳೆದುಕೊಳ್ಳಬೇಕು, ತೊಡೆಯ ಚರ್ಮ ಎತ್ತಿ ಹಿಡಿದು ಹೇಗೆ ಚುಚ್ಚಬೇಕು, ಎಲ್ಲವನ್ನೂ. ಅಕ್ಷರ ಬಾರದ ಹೆಂಗಸು ಮೂರನೇ ದಿನಕ್ಕೆ ತಾನೇ ಚುಚ್ಚಿಕೊಂಡಳು. ಮದ್ದಿನ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಹೂತಿಟ್ಟು, ಸಿರಿಂಜನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಗ್ಗೆ ರಾಗಿ ತುಂಬಿಡುವ ಮಣ್ಣಿನ ವಾಡೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ತೊಡೆ ತೋರಿಸಿಕೊಂಡು ಕೂರಲು ಅವಳೇನು ಕೂಸೆ?

ಮೊದಲ ತಿಂಗಳು ಬಣ್ಣ ನೀಲಿಗೆ ಬಂತು. ಮೈ ತುಂಬಿಕೊಂಡಿತು. ಆಮೇಲೆ ಏನಾಯಿತೋ ಯಾರಿಗೂ ತಿಳಿಯದು. ಹಸಿರು, ಹಳದಿ, ಆಮೇಲೆ ಇಟ್ಟಿಗೆ. ಡಾಕ್ಟರು ಇಪ್ಪತ್ತನ್ನು ಮೂವತ್ತು ಮಾಡಿದರು, ಮೂವತ್ತನ್ನು ನಲವತ್ನಾಲ್ಕು ಮಾಡಿದರು. ಮದ್ದು ಏರಿದಂತೆ ಬಣ್ಣವೂ ಏರಿತು. ಇದರ ಮಧ್ಯೆ ಜಾಲಿ ಮುಳ್ಳು ಚುಚ್ಚಿ ಎಡಗಾಲಿನ ಹೆಬ್ಬೆರಳು ಹುಣ್ಣಾಯಿತು. ಮಾಯುವ ಮಾತೇ ಇಲ್ಲ.

ಫೆಬ್ರವರಿ ಕೊನೆಯಲ್ಲಿ ಡಾಕ್ಟರು ಕಾಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿ, ಬೆರಳನ್ನು ಒತ್ತಿ ನೋಡಿ, ಪಾಪಣ್ಣನಿಗೆ ಹೇಳಿದರು: "ಇನ್ನೊಂದು ತಿಂಗಳು ನೋಡ್ತೀನಿ. ಸಕ್ಕರೆ ಇಳೀಲಿಲ್ಲ ಅಂದ್ರೆ ಈ ಬೆರಳು ತೆಗೀಬೇಕಾಗುತ್ತೆ. ಬೆರಳಿಗೇ ನಿಂತ್ರೆ ಪುಣ್ಯ. ಮನೇಲಿ ಏನೇನು ತಿನ್ನಿಸ್ತಿದೀರಿ ಇವರಿಗೆ?"

ಆ ಕೊನೆಯ ಪ್ರಶ್ನೆ ಮನೆಯಲ್ಲಿ ಬೆಂಕಿ ಹಚ್ಚಿತು.

ಅವತ್ತು ತಾಯಿ ಮಗ ಬಸ್ಸಿಳಿದು ಬೀದಿಯಲ್ಲಿ ಬರುವಾಗಲೇ ಕೊಟ್ರಮ್ಮ ಎದುರಾದಳು. ಬೆರಳಿನ ಸುದ್ದಿ ಕೇಳಿದಳು. ಹೆದರಿದಳು. ಹೆದರಿಕೆ ಬಂದರೆ ಅವಳಿಗೆ ಕೂಗಾಟವೇ ಬರುವುದು, ಅದು ಅವಳ ಸ್ವಭಾವ.

"ನಾನು ಅನ್ನ ನಿಲ್ಲಿಸ್ದೆ. ಮುದ್ದೆ ಅರ್ಧ ಮಾಡ್ದೆ. ನನ್ನ ಕೈಯಾಗೆ ಇರೋದೆಲ್ಲ ಮಾಡ್ದೆ. ಈಕೆ ಕದ್ದು ಬೆಲ್ಲ ತಿಂದ್ರೆ ನಾನೇನು ಮಾಡ್ಲಿ? ನಾಲಿಗೆ ಕಟ್ಟದ ಕಳ್ಳಿ! ಕಾಲು ಹೋದ್ರೂ ಬೆಲ್ಲ ಬೇಕು ಈಕೆಗೆ!"

ಆಚೀಚೆ ಮನೆಯವರು ಹೊರಗೆ ಬಂದರು. ಸಿದ್ದಕ್ಕ ಕುಂಟುತ್ತಾ ಬಂದವಳು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಮಗನ ಮುಖ ನೋಡಿದಳು. ಪಾಪಣ್ಣ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ನೆಲ ನೋಡುತ್ತಾ ನಿಂತಿದ್ದ.

"ಮನೆದೇವ್ರು ಬೀರಪ್ಪನ ಆಣೆ," ಅಂದಳು ಸಿದ್ದಕ್ಕ. "ಈ ಕಾಲು ವಾಸಿಯಾಗೋ ತನಕ ಬೆಲ್ಲ ಅನ್ನೋದನ್ನ ನಾಲಿಗೆ ಮೇಲೆ ಇಡಲ್ಲ. ಹಿಂದೆ ಇಟ್ಟಿದ್ದೂ ಇಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಯಾರೂ ನಂಬಲಿಲ್ಲ.

ಮಾರನೆಯ ದಿನ ಕೊಟ್ರಮ್ಮ ಬೆಲ್ಲವನ್ನು ತಗಡಿನ ಡಬ್ಬಿಯಲ್ಲಿಟ್ಟು ಬೀಗ ಜಡಿದಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದನ್ನು ನೋಡಿ ಸಿದ್ದಕ್ಕ, "ಒಂದು ಮಾತು ಕೇಳ್ಕಾ," ಅಂದಳು. "ಕಾಂಪೌಂಡರ್ ಹೇಳಿದ್ದ. ಸೂಜಿ ಹಾಕ್ಕಂಡವರಿಗೆ ಒಂದೊಂದ್ಸಲ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬರ್ತೈತಂತೆ. ಆಗ ಕೂಡ್ಲೇ ಬೆಲ್ಲನೋ ಸಕ್ರೇನೋ ಬಾಯಿಗೆ ಹಾಕ್ಬೇಕಂತೆ. ಇಲ್ದಿದ್ರೆ ಪ್ರಾಣಕ್ಕೇ ಕುತ್ತು."

"ಇಷ್ಟು ದಿನ ಒಂದ್ಸಲನಾದ್ರೂ ಹಂಗೆ ಬೆವರಿದ್ದೀರಾ?"

"ಇಲ್ಲ."

"ಬೆವರಿದ್ರೆ ಬೆಲ್ಲ! ಚೆನ್ನಾಗಿ ಕಥೆ ಕಟ್ಟೋದು ಕಲ್ತಿದೀರಿ ಬಿಡ್ರಿ," ಎಂದು ಕೊಟ್ರಮ್ಮ ಬೀಗ ಜಗ್ಗಿ ನೋಡಿ ಎದ್ದಳು.

ಎಂಟು ದಿನ ಬಿಟ್ಟು ಡಬ್ಬಿ ತೆಗೆದರೆ ಬೆಲ್ಲ ಮತ್ತೆ ಕಾಲು ಭಾಗ ಇಲ್ಲ! ಬೀಗ ಹಾಕಿದ ಹಾಗೇ ಇತ್ತು. ಕೊಟ್ರಮ್ಮನಿಗೆ ಕೋಪಕ್ಕಿಂತ ಹೆಚ್ಚಾಗಿ ಈಗ ಕುತೂಹಲ ಹತ್ತಿಕೊಂಡಿತು. ಬೀಗ ಹಾಕಿದ ಡಬ್ಬಿಯಿಂದ ಕುಂಟುಕಾಲಿನ ಮುದುಕಿ ಬೆಲ್ಲ ತೆಗೆಯುವುದು ಹೇಗೆ? ರಾತ್ರಿ ಮಲಗುವ ಮುಂಚೆ ಡಬ್ಬಿಯ ಸುತ್ತ ಒಲೆ ಬೂದಿಯನ್ನು ತೆಳ್ಳಗೆ ಚೆಲ್ಲಿದಳು.

"ಏನು ಮಾಡ್ತಿದೀಯೆ?" ಎಂದು ಪಾಪಣ್ಣ ಕೇಳಿದ.

"ಹೆಜ್ಜೆ ಗುರುತು ಹಿಡೀತೀನಿ. ನಾಳೆ ಬೆಳಗ್ಗೆ ಗೊತ್ತಾಗ್ತೈತೆ ಯಾರ ಪಾದ ಅಂತ."

ಮೂರು ದಿನ ಬೂದಿ ಚೆಲ್ಲಿದಳು. ಮೂರೂ ದಿನ ಬೂದಿ ಚೆಲ್ಲಿದ ಹಾಗೇ ಇತ್ತು. ಬೆಲ್ಲ ಮಾತ್ರ ಇನ್ನೊಂದು ಮುಷ್ಟಿ ಕಡಿಮೆಯಾಗಿತ್ತು. ಇದ್ಯಾವ ಮಾಟವಪ್ಪಾ ಎಂದು ಅವಳು ತಲೆ ಕೆರೆದುಕೊಂಡಳು.

ಕೊನೆಗೆ ಒಂದು ದಿನ ಜ್ವರವೆಂದು ಸುಳ್ಳು ಹೇಳಿ ಹೊಲಕ್ಕೆ ಹೋಗಲಿಲ್ಲ. ಕಂಬಳಿ ಹೊದ್ದು ಪಡಸಾಲೆಯಲ್ಲಿ ಮಲಗಿ, ಕಂಬಳಿಯ ಸಂದಿಯಿಂದ ಅತ್ತೆಯನ್ನು ಕಾದಳು. ಬೆಳಗ್ಗೆ ಅತ್ತೆ ಜೋಳದ ರೊಟ್ಟಿ ಒಂದು ತಿಂದಳು, ಸೊಪ್ಪಿನ ಪಲ್ಯ ನೆಂಚಿಕೊಂಡು. ಆಮೇಲೆ ಉಣ್ಣೆ ಬಿಡಿಸುತ್ತಾ ಕೂತಳು. ಮಧ್ಯಾಹ್ನ ಅರ್ಧ ಮುದ್ದೆ, ಹುರುಳಿ ಸಾರು. ಹಸಿವಾಯಿತೇನೋ, ಮಜ್ಜಿಗೆಗೆ ಮೂರು ಪಾಲು ನೀರು ಬೆರೆಸಿ ಎರಡು ಲೋಟ ಕುಡಿದು ಹೊಟ್ಟೆ ತುಂಬಿಸಿಕೊಂಡಳು. ಬೆಲ್ಲದ ಡಬ್ಬಿಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಅಷ್ಟೇ ಅಲ್ಲ, ಸೊಸೆಗೆ ಜ್ವರವೆಂದು ಕುಂಟುತ್ತಾ ಬಂದು ಹಣೆ ಮುಟ್ಟಿ ನೋಡಿ, ಮೆಣಸಿನ ಕಷಾಯ ಕಾಯಿಸಿ ತಂದಿಟ್ಟಳು.

"ಕುಡಿಯೇ. ಬಿಸಿ ಆರೋದ್ರೊಳಗೆ ಕುಡಿ."

ಕೊಟ್ರಮ್ಮ ಸುಳ್ಳು ಜ್ವರಕ್ಕೆ ನಿಜವಾದ ಕಷಾಯ ಕುಡಿದಳು. ಗಂಟಲು ಉರಿಯಿತು. ತವರೂರು ತಾಳ್ಯದಿಂದ ಹದಿನಾರರ ಹುಡುಗಿಯಾಗಿ ಬಂದ ತನಗೆ ಬಾಣಂತನ ಮಾಡಿದ್ದು ಇದೇ ಕೈ ಎಂದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಮಾರನೆಯ ಬೆಳಗ್ಗೆ ಪುಟ್ಟಕ್ಕ ಕೊಳವೆ ಎತ್ತಿ ಹಿಡಿದಳು. ಇಟ್ಟಿಗೆ.

"ಅವ್ವ, ಇದು ಹೆಂಗೆ?" ಎಂದು ಪುಟ್ಟಕ್ಕ ಪಿಸುಗುಟ್ಟಿದಳು. ಅವಳಿಗೆ ತಾಯಿಯ ಜ್ವರದ ಗುಟ್ಟು ಗೊತ್ತಿತ್ತು. "ನಿನ್ನೆ ಪೂರ್ತಿ ನೋಡಿದೀಯ. ಅಜ್ಜಿ ಬೆಲ್ಲ ಮುಟ್ಟಿಲ್ಲ. ಸೂಜೀನೂ ಹಾಕ್ಕಂಡೈತೆ."

"ಅದೇ ನಂಗೂ ತಿಳೀವಲ್ದು. ಬೆಲ್ಲ ಒಳಗೆ ಹೋಗಿಲ್ಲ, ಸರಿ. ಹಾಕ್ಕಂಡ ಮದ್ದು ಒಳಗೆ ಹೋಯ್ತೋ ಇಲ್ವೋ?"

ಈ ಪ್ರಶ್ನೆಯನ್ನು ಡಾಕ್ಟರೂ ಕೇಳಿರಲಿಲ್ಲ, ನೋಡಿ. ಕೇಳಿದ್ದು ಬೆಲ್ಲದ ಕಳ್ಳನನ್ನು ಹುಡುಕಲು ಹೊರಟ ಸೊಸೆ.

ಉತ್ತರ ಸಿಕ್ಕಿದ್ದು ಯುಗಾದಿಯ ದಿನ, ಬಚ್ಚಲಲ್ಲಿ. ಸಿದ್ದಕ್ಕನ ಗಂಡ ಕರಿಸಿದ್ದಪ್ಪ ಹಬ್ಬಕ್ಕೆಂದು ಹಿಂದಿನ ದಿನವಷ್ಟೇ ಬಂದಿದ್ದ. ದೀಪಾವಳಿ ಕಳೆದ ಮೇಲೆ ಅವನು ಕುರಿ ಮಂದೆ ಹೊಡೆದುಕೊಂಡು ಹೊಸದುರ್ಗದ ಕಡೆ ಹೋದವನು. ಅಲ್ಲಿ ತೋಟ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ಬಿಡುತ್ತಾ ಐದಾರು ತಿಂಗಳು ಕಳೆಯುವುದು ಪ್ರತಿವರ್ಷದ ಪದ್ಧತಿ. ಈಗ ಒಂದು ಭಾಗ ಕುರಿ ಪಾಪಣ್ಣನ ರೊಪ್ಪದಲ್ಲಿ, ಉಳಿದವು ಅಲ್ಲಿ ಇನ್ನೊಬ್ಬರ ಕಾವಲಲ್ಲಿ ಇದ್ದವು.

ಎಣ್ಣೆ ಸ್ನಾನಕ್ಕೆ ಅತ್ತೆ ಒಬ್ಬಳೇ ಕೂರಲು ಆಗುತ್ತಿರಲಿಲ್ಲ, ಕಾಲಿನ ಬಟ್ಟೆ ನೆನೆಯಬಾರದಲ್ಲ. ಕೊಟ್ರಮ್ಮ ಹರಳೆಣ್ಣೆ ತಂದು ಬೆನ್ನಿಗೆ ತಿಕ್ಕಿದಳು, ತೋಳಿಗೆ ತಿಕ್ಕಿದಳು, ಮಂಡಿಯಿಂದ ಮೇಲಕ್ಕೆ ಬಂದಳು. ಎಡತೊಡೆಯ ಮೇಲೆ ಅವಳ ಅಂಗೈ ನಿಂತುಹೋಯಿತು.

ಚರ್ಮದ ಕೆಳಗೆ ಒಂದು ಗಂಟು. ದೊಡ್ಡ ನಿಂಬೆಹಣ್ಣಿನಷ್ಟು. ಮೆತ್ತಗೆ, ಆದರೂ ಒತ್ತಿದರೆ ಜಾಗ ಬಿಟ್ಟು ಹೋಗದು. ಅದರ ಪಕ್ಕದಲ್ಲೇ ಇನ್ನೊಂದು ಚಿಕ್ಕದು. ದೊಡ್ಡ ಗಂಟಿನ ನೆತ್ತಿಯ ಮೇಲೆ ಒಂದು ಹಸಿರು ಹಚ್ಚೆಯ ಚುಕ್ಕಿ.

"ಇದೇನತ್ತೆ?"

"ಬಿಡು. ಅದು ಸೂಜಿ ಗಂಟು."

"ಯಾವಾಗಿಂದ ಐತೆ?"

"ಮೂರ್ನಾಲ್ಕು ತಿಂಗಳಾಯ್ತು. ಕೊಡಲಿ ಹಿಡ್ದ ಕೈ ಜಡ್ಡುಗಟ್ಟಲ್ವಾ, ಹಂಗೆ. ಒಳ್ಳೇದೇ ಆಗೈತೆ. ಮೊದ್ಲು ಚುಚ್ಚಿದ್ರೆ ಪ್ರಾಣ ಹೋಗೋದು, ಈಗ ಅಲ್ಲಿ ಚುಚ್ಚಿದ್ದೇ ಗೊತ್ತಾಗಲ್ಲ."

"ದಿನಾ ಇಲ್ಲೇ ಚುಚ್ಕಂತೀರಾ? ಒಂದೇ ಜಾಗಕ್ಕೆ?"

"ಇನ್ನೆಲ್ಲಿ ಚುಚ್ಕಳ್ಳಲಿ? ಕಾಂಪೌಂಡರ್ ತೋರ್ಸಿದ ಜಾಗ ಇದೇ ಅಲ್ವಾ?"

"ಮತ್ತೆ ಈ ಹಚ್ಚೆ?"

ಸಿದ್ದಕ್ಕ ಎಣ್ಣೆ ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ಮೊಮ್ಮಗಳು ಮದುವೆಗೆ ಬರುವ ಕಾಲದಲ್ಲಿ ತೊಡೆಗೆ ಹಚ್ಚೆ ಹಾಕಿಸಿಕೊಂಡ ಕಥೆ ಹೇಳಲು ನಾಚಿಕೆ. ಬಿಸಿನೀರು ಎರಡು ಚೆಂಬು ಬಿದ್ದ ಮೇಲೆ ಬಾಯಿ ಬಿಟ್ಟಳು.

ಮುನಿಯಪ್ಪ ಮೊದಲ ದಿನ ಪೆನ್ನಿನ ನೀಲಿ ಮಸಿಯಲ್ಲಿ ತೊಡೆಯ ಮೇಲೆ ಒಂದು ಚುಕ್ಕಿ ಇಟ್ಟು, "ಇಲ್ಲಿ ನೋಡ್ರಿ, ಇಲ್ಲಿ ಹಾಕ್ಕಳ್ರಿ," ಎಂದಿದ್ದ. ನಾಲ್ಕು ಸ್ನಾನಕ್ಕೆ ಚುಕ್ಕಿ ಮಾಸತೊಡಗಿತು. ಸಿದ್ದಕ್ಕ ಹೆದರಿದಳು. ಜಾಗ ತಪ್ಪಿ ಚುಚ್ಚಿ ನರಕ್ಕೋ ಮೂಳೆಗೋ ತಗುಲಿದರೆ ಗತಿಯೇನು? ಅದೇ ವಾರ ಹಚ್ಚೆ ಹಾಕುವ ಹುಚ್ಚಕ್ಕ ಬುಟ್ಟಿ ಹೊತ್ತು ಬೀದಿಗೆ ಬಂದಳು. ಗಂಡ ಮಂದೆಯ ಜೊತೆ, ಸೊಸೆ ಹೊಲದಲ್ಲಿ. ಸಿದ್ದಕ್ಕ ಅವಳನ್ನು ವಾಡೆ ಕೋಣೆಗೆ ಕರೆದುಕೊಂಡು ಹೋಗಿ, ಒಂದು ಸೇರು ರಾಗಿ ಕೊಟ್ಟು, ಮಾಸುತ್ತಿದ್ದ ಮಸಿಯ ಮೇಲೇ ಹಚ್ಚೆ ಇಡಿಸಿಕೊಂಡಳು. ಇನ್ನು ಸಾಯುವವರೆಗೆ ಜಾಗ ತಪ್ಪುವ ಹಾಗಿಲ್ಲ.

ಕೊಟ್ರಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಐದು ತಿಂಗಳು, ದಿನಾ ಬೆಳಗ್ಗೆ, ಒಂದೇ ಚುಕ್ಕಿಯ ಮೇಲೆ!

ಬೇವು ಬೆಲ್ಲ ಹಂಚುವಾಗ ಸಿದ್ದಕ್ಕ ಬರೀ ಬೇವು ಎತ್ತಿಕೊಂಡು ಅಗಿದಳು. ಆಮೇಲೆ ಮನೆಮಂದಿಯೆಲ್ಲ ಗಂಟಿನ ಮೇಲೆ ಕೂತರು. ಕರಿಸಿದ್ದಪ್ಪ ಸಂತೆಯಲ್ಲಿ ಕುರಿಯ ಬೆನ್ನು ಹಿಡಿದು ನೋಡುವ ಹಾಗೆ ಹೆಂಡತಿಯ ತೊಡೆಯನ್ನು ಸೀರೆಯ ಮೇಲಿಂದಲೇ ಒತ್ತಿ ಒತ್ತಿ ನೋಡಿದ.

"ನೋಯ್ತೈತೇನೆ?"

"ಇಲ್ಲ."

"ಬಿಸಿ ಇಲ್ಲ. ಕೀವಿಲ್ಲ. ಇದು ಕೊಬ್ಬು ಕಣ್ರೋ. ಒಂದೇ ಜಾಗಕ್ಕೆ ಸೂಜಿ ಹಾಕ್ಸಿದ ಕುರಿಗೂ ಗಂಟು ನಿಲ್ತೈತೆ. ಅದಕ್ಕೇ ನಾವು ಈ ಸಲ ಬಲಕ್ಕೆ ಹಾಕ್ಸಿದ್ರೆ ಮುಂದಿನ ಸಲ ಎಡಕ್ಕೆ ಹಾಕ್ಸೋದು. ಮೂಕಪ್ರಾಣಿಗೆ ಇರೋ ನ್ಯಾಯ ನಿಂಗಿಲ್ಲೇನೆ?"

"ಮಾವ," ಕೊಟ್ರಮ್ಮ ಮುಂದೆ ಸರಿದು ಕೂತಳು, "ಈ ಗಂಟಿನೊಳಗೆ ಹಾಕಿದ ಮದ್ದು ಮೈಗೆ ಹತ್ತುತೈತಾ?"

ಕರಿಸಿದ್ದಪ್ಪ ಮೀಸೆ ತಿರುವಿದ. "ಕಂಬಳಿ ಕೊಪ್ಪೆ ಹಾಕ್ಕಂಡ್ರೆ ಮಳೆ ಮೈಗೆ ಹತ್ತುತೈತೇನು? ನಂಗನ್ನಿಸೋ ಮಟ್ಟಿಗೆ ಹತ್ತಲ್ಲ."

"ಹಿರಿಯೂರಿಗೆ ಹೋಗಿ ಕೇಳಾಣ ತಾತ," ಅಂದಳು ಪುಟ್ಟಕ್ಕ.

"ಹಬ್ಬದ ದಿನ ಯಾವ ಡಾಕ್ಟ್ರು ಸಿಗ್ತಾನೆ? ನಾಳೆ ವರ್ಷದ ತೊಡಕು, ಬಾಡೂಟ. ನಾಡಿದ್ದು ಹೋಗಾಣ. ಅಲ್ಲೀ ತನಕ ಈ ಕಾಲು ಬಿಟ್ಟು ಆ ಕಾಲಿಗೆ ಹಾಕ್ಕಳ್ಳೇ, ಅಷ್ಟೇ."

ಹೇಳಿದ್ದು ಸರಿ. ಅರ್ಧ ಸರಿ. ಅರ್ಧ ಸರಿಯಾದ ಮಾತು ಪೂರ್ತಿ ತಪ್ಪಿಗಿಂತ ಅಪಾಯ ಎಂಬುದು ಮಾರನೆಯ ದಿನ ಗೊತ್ತಾಯಿತು.

ತೊಡಕಿನ ದಿನ ಸಿದ್ದಕ್ಕ ಎಂದಿನಂತೆ ನಲವತ್ನಾಲ್ಕು ಗೆರೆ ಮದ್ದು ಎಳೆದುಕೊಂಡು ಬಲತೊಡೆಗೆ ಹಾಕಿಕೊಂಡಳು. ನೋವಾಯಿತು. ಬಾಡಿನ ಸಾರಿನ ಜೊತೆ ಬಿಸಿ ಮುದ್ದೆ ಉಣ್ಣುವ ಆಸೆಗೆ ಬೆಳಗಿನ ರೊಟ್ಟಿ ಬೇಡವೆಂದಳು. ಊರಿನ ಮಾಂಸದ ಪಾಲು ಬರುವುದು ತಡವಾಯಿತು. ಮಸಾಲೆ ಅರೆದು, ಒಗ್ಗರಣೆ ಹಾಕಿ, ಮಾಂಸ ಬೇಯಲಿಕ್ಕೆ ಇಟ್ಟಾಗ ಹೊತ್ತು ನೆತ್ತಿಗೆ ಬಂದಿತ್ತು.

"ಅವ್ವ, ಅಜ್ಜಿ ಒಬ್ಳೇ ನಗ್ತಾ ಐತೆ," ಎಂದು ಪುಟ್ಟಕ್ಕ ಬಂದು ಹೇಳಿದಳು.

ಕೊಟ್ರಮ್ಮ ಹೋಗಿ ನೋಡಿದರೆ ಸಿದ್ದಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ರವಿಕೆ ಒದ್ದೆ. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕೈ ಗಡಗಡ ನಡುಗುತ್ತಿತ್ತು. ಸೊಸೆಯನ್ನು ನೋಡಿ, "ಯಾರವ್ವ ನೀನು? ಕುಂತ್ಕಳವ್ವ," ಅಂದಳು.

ಬೆವರಿದ್ರೆ ಬೆಲ್ಲ. ಕೊಟ್ರಮ್ಮನ ಕಿವಿಯಲ್ಲಿ ತಾನೇ ಆಡಿಕೊಂಡ ಮಾತು ಕೂಗಿತು.

ಓಡಿದಳು. ಸೊಂಟದ ಬೀಗದ ಕೈ ತೆಗೆಯಲು ಹೋದರೆ ಕೈಗೆ ಮಸಾಲೆ, ಜಾರುತ್ತದೆ. ಬೀಗ ತೆಗೆದಳು, ಮುಚ್ಚಳ ಎತ್ತಿದಳು. ಡಬ್ಬಿ ಖಾಲಿ! ನಿನ್ನೆ ಹೋಳಿಗೆ ಮಾಡಿ ಉಳಿದ ಅರ್ಧ ಅಚ್ಚು ಇಟ್ಟು ಬೀಗ ಹಾಕಿದ್ದವಳು ಅವಳೇ. ತಳದಲ್ಲಿ ನಾಲ್ಕು ಇರುವೆ ಬಿಟ್ಟರೆ ಏನೂ ಇಲ್ಲ.

"ಬೆಲ್ಲ ಇಲ್ಲ! ಅಯ್ಯೋ ಬೆಲ್ಲ ಇಲ್ಲ! ಪುಟ್ಟಿ, ಅಂಗಡಿಗೆ ಓಡು!"

"ತೊಡಕು ಅಂತ ಅಂಗಡಿ ಬಾಗ್ಲು ಹಾಕೈತೆ ಅವ್ವ!"

ಬಾಗಿಲಲ್ಲಿ ನಿಂತಿದ್ದ ಪಾಪಣ್ಣನ ಮುಖ ಬಿಳಿಚಿಹೋಗಿತ್ತು. ಒಂದು ಗಳಿಗೆ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ ರೊಪ್ಪದ ಕಡೆ ಓಡಿದ. ಓಡಿದವನು ಅಷ್ಟೇ ಬೇಗ ತಿರುಗಿ ಬಂದ. ಕೈಯಲ್ಲಿ ಒಂದು ಗೋಣಿ ಚೀಲ. ಅದರೊಳಗೆ ನೆನೆಸಿದ ಹುರುಳಿ, ಶೇಂಗಾ ಹಿಂಡಿ, ಅದರ ನಡುವೆ ಬೆಲ್ಲದ ಉಂಡೆಗಳು.

ಎಲ್ಲಿಂದ ಬಂತು ಎಂದು ಕೇಳುವ ಹೊತ್ತಲ್ಲ. ಕೊಟ್ರಮ್ಮ ಒಂದು ಉಂಡೆ ಕಿತ್ತುಕೊಂಡು ಅತ್ತೆಯ ಬಾಯಿಗೆ ಹಿಡಿದಳು.

ಸಿದ್ದಕ್ಕ ಹಲ್ಲು ಕಚ್ಚಿಕೊಂಡಳು. ಅರಿವು ಅರ್ಧ ಹೋಗಿತ್ತು, ಆಣೆ ಮಾತ್ರ ಹೋಗಿರಲಿಲ್ಲ. "ಬ್ಯಾಡ... ಬೆಲ್ಲ ಬ್ಯಾಡ... ಕಳ್ಳಿ ಅಂತಾಳೆ..."

"ನಾನೇ ಕಳ್ಳಿ, ನಾನೇ ಪಾಪಿ! ತಿನ್ನತ್ತೆ, ನಿನ್ನ ಕಾಲಿಗೆ ಬೀಳ್ತೀನಿ, ತಿನ್ನು!" ಕೊಟ್ರಮ್ಮ ಗೋಳೋ ಎಂದು ಅತ್ತಳು.

"ಸರಿ ಆ ಕಡೆ," ಎಂದ ಕರಿಸಿದ್ದಪ್ಪ. ಕುರಿಗೆ ಮದ್ದು ಕುಡಿಸುವ ಹಾಗೆ ಹೆಂಡತಿಯ ತಲೆಯನ್ನು ಕಂಕುಳಲ್ಲಿ ಹಿಡಿದು, ಬಾಯಿಯ ಮೂಲೆಗೆ ಹೆಬ್ಬೆಟ್ಟು ತೂರಿಸಿದ. ದವಡೆ ತೆರೆಯಿತು. ಕೊಟ್ರಮ್ಮ ಬೆಲ್ಲವನ್ನು ಪುಡಿ ಮಾಡಿ ಕೆನ್ನೆಯ ಒಳಗೆ, ವಸಡಿಗೆ ತಿಕ್ಕಿದಳು. ಇನ್ನಷ್ಟು ತಿಕ್ಕಿದಳು. ಒಲೆಯ ಮೇಲೆ ಸಾರು ಉಕ್ಕಿ ಬೆಂಕಿ ನಂದಿದ ಸದ್ದಾಯಿತು, ಯಾರೂ ಏಳಲಿಲ್ಲ.

ಹತ್ತು ನಿಮಿಷವಾಗಿರಬಹುದು. ಸಿದ್ದಕ್ಕನ ನಡುಕ ಇಳಿಯಿತು. ಕಣ್ಣು ಒಂದೊಂದೇ ಮುಖವನ್ನು ಗುರುತು ಹಿಡಿಯಿತು. ತಾನೇ ಇನ್ನೊಂದು ಚೂರು ಬೆಲ್ಲ ಎತ್ತಿ ಬಾಯಿಗೆ ಹಾಕಿಕೊಂಡು ಚಪ್ಪರಿಸಿದಳು. ಹುಬ್ಬು ಗಂಟಿಕ್ಕಿತು. ನಾಲಿಗೆಯ ತುದಿಯಿಂದ ಒಂದು ಹುರುಳಿ ಹೊಟ್ಟನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ಹುಟ್ಟಿದಾಗಿನಿಂದ ಕುರಿಯ ಜೊತೆ ಬಾಳಿದವಳು ಅವಳು.

"ಹಿಂಡಿ ವಾಸ್ನೆ," ಅಂದಳು. "ಇದು ಟಗರಿನ ಬೆಲ್ಲ."

ಪಾಪಣ್ಣ ತಲೆ ತಗ್ಗಿಸಿದ. ನಾಳಿದ್ದು ಟಗರಿನ ಕಾಳಗವಿತ್ತು. ರೊಪ್ಪದಲ್ಲಿ ಅವನು ಒಂದು ಕರಿ ಟಗರನ್ನು ಸಾಕಿ ಬೆಳೆಸುತ್ತಿದ್ದ ವಿಷಯ ಎಲ್ಲರಿಗೂ ಗೊತ್ತು. ಅದು ಯಾರ ಬೆಲ್ಲ ತಿಂದು ಕೊಬ್ಬುತ್ತಿದೆ ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಡಬ್ಬಿಗೆ ಮುಂದೆ ಬೀಗವಿದ್ದರೆ ಹಿಂದೆ ಮುಚ್ಚಳದ ಕೀಲು ಇತ್ತು. ಕೀಲಿನ ತಂತಿ ಎಳೆದರೆ ಮುಚ್ಚಳ ಹಿಂದಿನಿಂದ ಎದ್ದು ಬರುತ್ತಿತ್ತು. ಬೂದಿಯನ್ನು ಗುಡಿಸಿ ಮತ್ತೆ ಹೊಸದಾಗಿ ಚೆಲ್ಲುವುದಕ್ಕೆ ಒಲೆಯಲ್ಲಿ ಬೂದಿಗೇನು ಬರವೇ? ಕಳ್ಳನ ಎದುರಿಗೇ ಬೂದಿ ಚೆಲ್ಲಿದ ತನ್ನ ಜಾಣತನಕ್ಕೆ ಕೊಟ್ರಮ್ಮ ಹಣೆ ಚಚ್ಚಿಕೊಂಡಳು.

"ಥೂ ನಿನ್ನ!" ಎಂದು ಕರಿಸಿದ್ದಪ್ಪ ಕೈಯೆತ್ತಿದ. ಸಿದ್ದಕ್ಕ ಅವನ ಪಂಚೆ ಹಿಡಿದು ಜಗ್ಗಿದಳು.

"ಹೊಡೀಬ್ಯಾಡ. ಬೆಲ್ಲ ಹೋದ್ರೆ ಹೋಗ್ಲಿ, ಟಗರೂ ನಮ್ಮದೇ." ಮಗನ ಕಡೆ ತಿರುಗಿದಳು. ದನಿ ಏರಲಿಲ್ಲ. "ಬೀದ್ಯಾಗೆ ನನ್ನ ಕಳ್ಳಿ ಅಂದಾಗ ನೀನು ಅಲ್ಲೇ ನಿಂತಿದ್ಯಲ್ಲೋ ಪಾಪಣ್ಣ. ನಾನು ನಿನ್ನ ಮುಖ ನೋಡ್ದೆ. ನೀನು ನೆಲ ನೋಡ್ದೆ."

"ತಪ್ಪಾಯ್ತವ್ವ," ಅಂದ ಪಾಪಣ್ಣ.

ಮಾರನೆಯ ದಿನ ಟಗರು ಕಾಳಗಕ್ಕೆ ತಯಾರಾಗುವ ಬದಲು ರೊಪ್ಪದಲ್ಲೇ ಉಳಿಯಿತು. ಪಾಪಣ್ಣ, ಕೊಟ್ರಮ್ಮ, ಸಿದ್ದಕ್ಕ ಬೆಳಗಿನ ಮೊದಲ ಬಸ್ಸಿಗೆ ಹಿರಿಯೂರಿಗೆ ಹೋದರು. ಮುನಿಯಪ್ಪ ಗಂಟನ್ನೂ ಅದರ ಮೇಲಿನ ಹಚ್ಚೆಯನ್ನೂ ನೋಡಿ ಕನ್ನಡಕ ತೆಗೆದು ಒರೆಸಿಕೊಂಡ.

"ಅಯ್ಯೋ ನಮ್ಮವ್ವ! ನಾನು ಚುಕ್ಕಿ ಇಟ್ಟಿದ್ದು ಆ ದಿನಕ್ಕೆ. ದಿನಾ ಜಾಗ ಬದಲಾಯಿಸ್ರಿ ಅಂತ ಹೇಳಿದ್ನಲ್ಲ."

"ಹೇಳ್ಲಿಲ್ಲ."

"ಹೇಳಿದ್ದೆ."

"ನೀನು ಹೇಳಿದ್ರೆ ನಾನ್ಯಾಕಪ್ಪ ಒಂದು ಸೇರು ರಾಗಿ ಕೊಟ್ಟು ಹಚ್ಚೆ ಇಡಿಸ್ಕಂತಿದ್ದೆ?"

ಮುನಿಯಪ್ಪ ಕನ್ನಡಕ ಏರಿಸಿಕೊಂಡು ಡಾಕ್ಟರನ್ನು ಕರೆತಂದ. ಹೇಳಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಡಾಕ್ಟರು ಎಲ್ಲವನ್ನೂ ಕೇಳಿ, ಗಂಟಿನಲ್ಲಿ ಚುಚ್ಚಿದ ಮದ್ದು ಸರಿಯಾಗಿ ಮೈಗೆ ಸೇರುವುದಿಲ್ಲ, ಅದಕ್ಕೇ ಮದ್ದು ಏರಿಸುತ್ತಾ ಹೋಗಬೇಕಾಯಿತು; ಒಳ್ಳೆಯ ಜಾಗಕ್ಕೆ ಚುಚ್ಚಿದ ದಿನ ಅಷ್ಟೂ ಮದ್ದು ಒಮ್ಮೆಗೇ ಕೆಲಸ ಮಾಡಿತು, ಅದರ ಮೇಲೆ ಹೊಟ್ಟೆಯೂ ಖಾಲಿ, ಎಂದು ಬಿಡಿಸಿ ಹೇಳಿದರು. ಮದ್ದನ್ನು ಇಪ್ಪತ್ತೆರಡು ಗೆರೆಗೆ ಇಳಿಸಿದರು. ಒಂದು ದಿನ ಬಲತೊಡೆ, ಒಂದು ದಿನ ಹೊಟ್ಟೆಯ ಬಲಕ್ಕೆ, ಒಂದು ದಿನ ಹೊಟ್ಟೆಯ ಎಡಕ್ಕೆ. ಗಂಟಿರುವ ಜಾಗಕ್ಕೆ ಸೂಜಿ ತಾಗಿಸಲೇಬಾರದು. ಸೂಜಿ ಹಾಕಿಕೊಂಡ ಮೇಲೆ ಊಟ ತಪ್ಪಿಸಬಾರದು. "ಸೊಂಟದಲ್ಲಿ ಒಂದು ತುಂಡು ಬೆಲ್ಲ ಯಾವಾಗ್ಲೂ ಇರ್ಲಿ," ಎಂದೂ ಹೇಳಿದರು.

ಕೊಟ್ರಮ್ಮ ಮನೆಗೆ ಬಂದವಳೇ ಬೀಗವನ್ನು ಹಿತ್ತಿಲಿಗೆ ಎಸೆದಳು. ಬೆಲ್ಲದ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಅತ್ತೆಯ ಎಲೆಅಡಿಕೆ ಚೀಲದಲ್ಲಿಟ್ಟಳು. ಸಿದ್ದಕ್ಕ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇನ್ನೊಂದು ಮಾತು," ಅಂದಳು ಸಿದ್ದಕ್ಕ ರಾತ್ರಿ ಊಟಕ್ಕೆ ಕೂತಾಗ. "ನಾಳೆಯಿಂದ ಗಾಜಿನ ಕೊಳವೆ ಹಿಡಿಯೋಳು ಪುಟ್ಟಿ ಅಲ್ಲ. ಅವ್ಳಿಗೆ ಪರೀಕ್ಷೆ ಐತೆ. ಪಾಪಣ್ಣ ಹಿಡೀಲಿ."

ಉಚ್ಚೆ ಕುದಿಯುವ ಹೊತ್ತಿಗೆ ಅರ್ಧ ಟೀ ಬಿಟ್ಟು ಎದ್ದು ಹೋಗುತ್ತಿದ್ದ ಪಾಪಣ್ಣ ಮುದ್ದೆಯಿಂದ ತಲೆ ಎತ್ತಲಿಲ್ಲ. "ಆಯ್ತವ್ವ," ಅಂದ.

ಮೊದಲ ವಾರ ಹಳದಿ ಬಂತು. ಆಮೇಲೆ ಹಸಿರು. ಪುಟ್ಟಕ್ಕ ಓದುವ ಪುಸ್ತಕ ಮಡಚಿಟ್ಟು ಬಂದು ಗೋಡೆಗೆ ಪಟ್ಟೆ ಎಳೆದು ಹೋಗುತ್ತಿದ್ದಳು. ಹೆಬ್ಬೆರಳಿನ ಹುಣ್ಣಿನ ಅಂಚಿನಲ್ಲಿ ಕೆಂಪು ಹೊಸ ಚರ್ಮ ಕಾಣಿಸಿಕೊಂಡಿತು. ತಿಂಗಳಾದ ಮೇಲೆ ಡಾಕ್ಟರು ಬೆರಳನ್ನು ತಿರುಗಿಸಿ ನೋಡಿ, ತೆಗೆಯುವ ಮಾತು ಆಡಲಿಲ್ಲ. ಹೆಚ್ಚೂ ಕಡಿಮೆ ಅದೇ ಹೊತ್ತಿಗೆ ಹುಚ್ಚಕ್ಕ ಬುಟ್ಟಿ ಹೊತ್ತು ಬೀದಿಗೆ ಬಂದು, "ಇನ್ನೊಂದು ಚುಕ್ಕಿ ಇಡ್ಲೇನವ್ವ?" ಎಂದು ಕೇಳಿದಳು. ಅವಳಿಗೆ ಕೊಟ್ರಮ್ಮ ರಾಗಿಯನ್ನೇನೋ ಕೊಟ್ಟಳು, ಸೂಜಿ ತೆಗೆಯಲು ಬಿಡಲಿಲ್ಲ.

ಅದೊಂದು ಬೆಳಗ್ಗೆ ಪಾಪಣ್ಣ ಸ್ಪಿರಿಟ್ ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಎಂಟು ಹನಿ ಎಣಿಸಿ ಹಾಕಿದ್ದ. ಕೊಳವೆ ಕುದಿಯಿತು. ಕುದಿಯುತ್ತಲೇ ಇತ್ತು. ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದ, ಆ ಕಡೆ ಈ ಕಡೆ ತಿರುಗಿಸಿದ, ಮತ್ತೆ ದೀಪಕ್ಕೆ ಹಿಡಿದು ಕುದಿಸಿದ. ಬಣ್ಣ ಅಲ್ಲಾಡಲಿಲ್ಲ.

"ಏನಾಯ್ತೋ?" ಒಳಗಿನಿಂದ ಸಿದ್ದಕ್ಕ ಕೇಳಿದಳು. "ಯಾವ ಬಣ್ಣ?"

"ನೀಲಿ ಅವ್ವ."

"ಕೇಳಿಸ್ಲಿಲ್ಲ."

"ನೀಲಿ!"

ಸಿದ್ದಕ್ಕ ಕಂಬ ಹಿಡಿದುಕೊಂಡು ಎದ್ದು ಬಾಗಿಲಿಗೆ ಬಂದಳು. ಹೊರಗೆ ಚೆಂಬು ಹಿಡಿದವರು, ಹಾಲು ಕರೆಯುವವರು, ಕಸ ಗುಡಿಸುವವರು, ಬೀದಿ ತುಂಬ ಜನ.

"ಹೊರಗೆ ಹೋಗಿ ಕಟ್ಟೆ ಮೇಲೆ ನಿಂತ್ಕಂಡು ಕೂಗು," ಅಂದಳು. "ಕಳ್ಳಿ ಅಂದಿದ್ದು ಎಲ್ಲೀ ತನಕ ಕೇಳಿತ್ತೋ, ಇದೂ ಅಲ್ಲೀ ತನಕ ಕೇಳ್ಬೇಕು."

ಪಾಪಣ್ಣ ಬಿಸಿ ಕೊಳವೆಯನ್ನು ಪಂಚೆಯ ತುದಿಯಲ್ಲಿ ಹಿಡಿದುಕೊಂಡು ಕಟ್ಟೆ ಹತ್ತಿದ. ಗಂಟಲು ಸರಿಮಾಡಿಕೊಂಡ. ಆಮೇಲೆ ಹೆದ್ದಾರಿಯ ಲಾರಿಯವನೂ ತಿರುಗಿ ನೋಡುವ ಹಾಗೆ ಕೂಗಿದ.

"ನೀಲಿ! ನಮ್ಮವ್ವ ಬೆಲ್ಲ ಕದ್ದಿಲ್ಲ, ಕದ್ದಿದ್ದು ನಾನು! ಬಣ್ಣ ನೀಲಿ!"